ಅರ್ಥಿಂಗ್ ಇಲ್ಲದ ಮನೆಯಲ್ಲಿ ಹೆಡ್‌ಫೋನು

ಲಗ್ಗೆರೆಯ ನಮ್ಮ ಬೀದಿಯಲ್ಲಿ ಭೂತ ಕಾಣಿಸಿಕೊಳ್ಳಲು ಕತ್ತಲಾಗಬೇಕಿರಲಿಲ್ಲ. ಹಳೆಯ ವೈರಿಂಗ್ ಸಾಕಾಗಿತ್ತು. ನಾನು ಬಾಡಿಗೆಗಿದ್ದ ಮನೆಗೆ ಹಾಡಹಗಲೇ ಬಂದುಹೋದವುಗಳ ಪೈಕಿ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಬಾವಿಯ ತಳದ ವೈದ್ಯ

ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಪದವಿ ಹಿಡಿದು ನಾನು ಹೊರಬಂದ ವರ್ಷವೇ ಕಂಪನಿಗಳೆಲ್ಲ ನೇಮಕಾತಿ ನಿಲ್ಲಿಸಿದವು. ಸಿಕ್ಕಿದ್ದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ವಿದೇಶದ ವೈದ್ಯರು ತಮ್ಮ ರೋಗಿಗಳ ಬಗ್ಗೆ ಗೊಣಗಿ ಕಳಿಸಿದ್ದನ್ನು ಮನೆಯಲ್ಲಿ ಕುಳಿತು ಕೇಳಿ, ಟೈಪು ಮಾಡಿ ಹಿಂದಿರುಗಿಸುವ ಕೆಲಸ. ಅದೂ ಪರೀಕ್ಷೆಯ ಮೇಲೆ. ತಿಂಗಳ ಕೊನೆಯ ಫೈಲಿನಲ್ಲಿ ತಪ್ಪುಗಳು ಮಿತಿ ಮೀರಿದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಊರಿಗೆ ಹಿಂದಿರುಗಿ ಸೋದರಮಾವನ ರಸಗೊಬ್ಬರದ ಅಂಗಡಿ.

ನಮ್ಮ ಕೋಣೆಯ ಕೆಳಗೆ ತಗಡು ಒತ್ತುವ ಪವರ್ ಪ್ರೆಸ್ ಇತ್ತು. ಅದರ ಪ್ರತಿ ಹೊಡೆತಕ್ಕೂ ವೈದ್ಯರ ಒಂದೊಂದು ಪದ ಸಾಯುತ್ತಿತ್ತು. ಆದ್ದರಿಂದ, ಬಾಗಿಲು ಮುಚ್ಚಿದ ರೆಕಾರ್ಡಿಂಗ್ ಸ್ಟುಡಿಯೊವೊಂದರಿಂದ ಕಿವಿಯನ್ನು ಸಂಪೂರ್ಣ ಮುಚ್ಚುವ ಭಾರೀ ಹೆಡ್‌ಫೋನನ್ನು ತಂದೆ. ಹೊರಗಿನ ಸದ್ದು ನಿಂತಿತು. ಒಳಗಿನದೂ ನಿಂತಿತು. ಆರುನೂರು ಓಮ್‌ಗಳಷ್ಟು ವಿದ್ಯುತ್ ರೋಧವಿದ್ದ ಆ ಸಲಕರಣೆಯನ್ನು ನುಡಿಸುವ ಶಕ್ತಿ ನನ್ನ ಹಳೆಯ ಲ್ಯಾಪ್‌ಟಾಪಿನ ಪುಟ್ಟ ತೂತಿಗಿರಲಿಲ್ಲ. ವಾಲ್ಯೂಮನ್ನು ಪೂರ್ತಿ ಏರಿಸಿದರೂ ವೈದ್ಯರು ಬಾವಿಯ ತಳದಲ್ಲಿ ಕುಳಿತು ಪಿಸುಗುಟ್ಟುತ್ತಿದ್ದರು.

ನನ್ನ ರೂಮ್‌ಮೇಟು ಗದಗದ ಕಡೆಯವನು, ಈರುಳ್ಳಿ ಬೆಳೆಯುವ ಮನೆತನದವನು, ಪೀಣ್ಯದಲ್ಲಿ ಫಿಟ್ಟರ್. ಅವನೂ ಒಮ್ಮೆ ಹೆಡ್‌ಫೋನ್ ಹಾಕಿಕೊಂಡ. ಮುಖ ಬಿಳಿಚಿತು.

"ಯಾರಲೇ ಇಂವಾ?"

"ಡಾಕ್ಟರ್."

"ಏನಂತಾನ?"

"ರೋಗಿ ತೀರಿಹೋದ ಅಂತಿದಾನೆ."

ಅವನು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಚಾಪೆಯ ಮೇಲಿಟ್ಟ. "ಹೇಳಾಕತ್ತಾಂವ ಡಾಕ್ಟರೋ, ರೋಗಿನೋ, ಅದನ್ನ ಮೊದಲ ಕೇಳು."

ಡಬ್ಬಿಯೊಳಗಿನ ಹೆಂಗಸು

ಲ್ಯಾಪ್‌ಟಾಪಿಗೂ ಹೆಡ್‌ಫೋನಿಗೂ ನಡುವೆ ಒಂದು ಆಂಪ್ಲಿಫೈಯರ್ ಬೇಕೆಂಬುದು ಸ್ಪಷ್ಟವಾಗಿತ್ತು. ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು, ಸ್ಟೀಲ್ ಡಬ್ಬಿಯೊಂದರಲ್ಲಿ ಕೂರಿಸಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಲ್ಯಾಪ್‌ಟಾಪಿನಲ್ಲಿ ಯಾವ ಫೈಲೂ ಓಡುತ್ತಿರಲಿಲ್ಲ. ಆದರೂ ನನ್ನ ಎಡಗಿವಿಯಲ್ಲಿ ಒಬ್ಬ ಹೆಂಗಸು, ಬಹಳ ದೂರದಿಂದ, ಯಾವುದೇ ಭಾವವಿಲ್ಲದ ದನಿಯಲ್ಲಿ ಮಾತನಾಡುತ್ತಿದ್ದಳು.

ರೂಮ್‌ಮೇಟು ಕೇಳಿಸಿಕೊಂಡವನೇ ಡಬ್ಬಿಗೆ ಮೂರು ಬೆರಳಿನ ವಿಭೂತಿ ಎಳೆದ. ಹೆಡ್‌ಫೋನಿನ ಉದ್ದದ ವೈರು ಆಂಟೆನಾದಂತೆ ವರ್ತಿಸಿ ರೇಡಿಯೊ ನಿಲಯವನ್ನು ಹಿಡಿಯುವುದು ಸಾಧ್ಯವೆಂದು ನಾನು ವಿವರಿಸಿದೆ. ಅವನು ನಂಬಲಿಲ್ಲ. ಅಷ್ಟರಲ್ಲಿ ದನಿ ಸ್ಪಷ್ಟವಾಯಿತು. ಆಕೆ ಯಶವಂತಪುರದ ಮಾರುಕಟ್ಟೆಯಲ್ಲಿನ ಈರುಳ್ಳಿ ಧಾರಣೆಯನ್ನು ಓದುತ್ತಿದ್ದಳು.

ವೈರನ್ನು ಕತ್ತರಿಸಿ ಗಿಡ್ಡ ಮಾಡಲು ಕಟರ್ ಎತ್ತಿಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದ. "ತಡಿಯಲೇ! ದೆವ್ವ ಆದ್ರ ಏನಾತು? ರೇಟು ಖರೇ ಹೇಳಾಕತ್ತೈತಿ."

ತಣ್ಣನೆಯ ಬೆರಳುಗಳು

ವೈರು ಗಿಡ್ಡವಾಯಿತು, ಹೆಂಗಸು ಹೋದಳು. ಉಳಿದದ್ದು ವೈದ್ಯರ ಮಾತನ್ನು ನುಂಗುವ 'ಗುಂಯ್' ಎಂಬ ಸದ್ದು. ಅದರ ಜೊತೆಗೆ ಇನ್ನೊಂದು. ಹೆಡ್‌ಫೋನಿನ ಪಟ್ಟಿಯ ಚರ್ಮ ಹರಿದು ಲೋಹ ನೆತ್ತಿಗೆ ತಾಗುತ್ತಿತ್ತು. ಆ ಜಾಗದಲ್ಲಿ ಯಾರೋ ಹಿಂದೆ ನಿಂತು ಬೆರಳಾಡಿಸಿದಂತೆ ಚುಮುಚುಮು ಎನ್ನುತ್ತಿತ್ತು. ಎರಡಕ್ಕೂ ಕಾರಣ ಒಂದೇ: ಸೋರಿದ ಕರೆಂಟನ್ನು ಭೂಮಿಗಿಳಿಸುವ ಅರ್ಥಿಂಗ್ ಮನೆಗೆ ಇರಲಿಲ್ಲ.

ಓನರ್ ಆಂಟಿ ಹಳೇ ಲಗ್ಗೆರೆಯ ಒಕ್ಕಲು ಮನೆಯವರು. ಹೊಲವೆಲ್ಲ ಸೈಟಾದ ಮೇಲೂ ಮನೆಯ ಒಂದೊಂದು ಮೂಲೆಯ ಲೆಕ್ಕವೂ ಅವರಿಗೆ ಬಾಯಿಪಾಠ.

"ಆಂಟಿ, ಅರ್ಥ್ ಗುಂಡಿ ಎಲ್ಲಿದೆ?"

"ಅದಾ? ನೈಋತ್ಯದಲ್ಲಿ ಗುಂಡಿ ಇರಬಾರ್ದು ಅಂದ್ರು ವಾಸ್ತುನೋರು. ಸಿಮೆಂಟ್ ಹಾಕ್ಸಿ ಮುಚ್ಚಿಸ್ಬಿಟ್ವಿ."

"ಅದನ್ನ ಒಡೆಸಿ ದಿನಾ ನೀರು ಹಾಕ್ಬೇಕು ಆಂಟಿ. ಇಲ್ದಿದ್ರೆ ಶಾಕ್ ಹೊಡೀತಾನೇ ಇರುತ್ತೆ."

ಅವರು ನನ್ನನ್ನು ಮರುಕದಿಂದ ನೋಡಿದರು. "ನಮಗ್ಯಾರ್ಗೂ ಹೊಡೀದೇ ಇರೋದು ನಿಂಗೊಬ್ಬಂಗೇ ಹೊಡೀತದೆ ಅಂದ್ರೆ, ಮನೇದಲ್ಲಪ್ಪ ಅದು. ಒಂದ್ಸಲ ಜಾತಕ ತೋರ್ಸು."

ಮೈಮೇಲೆ ಬಂದದ್ದು

ಕೊನೆಯ ಫೈಲು ಬರುವುದರಲ್ಲಿತ್ತು. ಕಣ್ಣು ಮುಚ್ಚಿ, ಗುಂಯ್‌ಗುಡುವಿಕೆಯ ಒಳಗಿನಿಂದ ಪದಗಳನ್ನು ಹೆಕ್ಕುತ್ತ, ಕೇಳಿಸಿದ್ದನ್ನು ತುಟಿಯಲ್ಲಿ ಉಚ್ಚರಿಸುತ್ತ ಅಭ್ಯಾಸ ಮಾಡುತ್ತಿದ್ದೆ: "ಲೆಫ್ಟ್ ನೀ... ಸ್ವೆಲ್ಲಿಂಗ್... ಲೆಫ್ಟ್ ನೀ..." ನೆತ್ತಿಯ ಕೂದಲು ನೆಟ್ಟಗೆ ನಿಂತಿತ್ತು. ಸಂಡಿಗೆ ಒಣಗಿಸಲು ಮಹಡಿಗೆ ಬಂದ ಆಂಟಿ, ಬರಿಗಾಲಲ್ಲಿ ನಿಂತು ನನ್ನ ಭುಜ ಮುಟ್ಟಿದರು.

ಚಿಟ್ಟನೆ ಚೀರಿ ಹಿಂದೆ ಸರಿದರು. ಆಮೇಲೆ, ನಿಧಾನವಾಗಿ, ಕೈ ಜೋಡಿಸಿದರು.

"ನಮ್ಮ ಯಜಮಾನ್ರ ಎಡಮಂಡಿ ಊದ್ಕೊಂಡಿರೋದು ಹೊರಗೆ ಯಾರ್ಗೂ ಹೇಳಿಲ್ಲ ನಾವು." ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಯಾರು ಸ್ವಾಮಿ ನೀವು?"

ಮರುದಿನ ಬೆಳಗ್ಗೆ ಮೆಟ್ಟಿಲ ತುಂಬ ಹೆಂಗಸರು. ನಾನು ಹೆಡ್‌ಫೋನ್ ತೊಟ್ಟು ಕುಳಿತಿರುವಂತೆಯೇ ಒಬ್ಬೊಬ್ಬರಾಗಿ ಬೆರಳ ತುದಿಯಿಂದ ನನ್ನನ್ನು ಮುಟ್ಟಿ, ಬೆಚ್ಚಿ, ತೃಪ್ತರಾಗಿ, ನಿಂಬೆಹಣ್ಣು ಇಟ್ಟು ಹೋದರು. ಪದವಿಯಿಂದ ದೊರೆಯದ ಗೌರವ ಸೋರಿಕೆ ವಿದ್ಯುತ್ತಿನಿಂದ ದೊರೆಯಿತು.

"ತಮಗೆ ಏನು ಬೇಕು, ಅಪ್ಪಣೆ ಆಗ್ಲಿ," ಎಂದರು ಆಂಟಿ.

ನಾನು ಬೇಕಾದದ್ದನ್ನೇ ಹೇಳಿದೆ. "ನೈಋತ್ಯದ ಗುಂಡಿ ತೆಗೆಸಿ. ಇದ್ದಿಲು, ಉಪ್ಪು ಹಾಕಿ. ದಿನಾ ಒಂದು ಕೊಡ ನೀರು."

ವಾಸ್ತುವಿನ ಮಾತು ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಸಿಮೆಂಟ್ ಒಡೆದರು; ನೀರಿನ ಜೊತೆಗೆ ಎಳನೀರನ್ನೂ ಸುರಿದರು.

ಗುಂಯ್‌ಗುಡುವಿಕೆ ಸತ್ತುಹೋಯಿತು. ಆ ನಿಶ್ಶಬ್ದ ಅದಕ್ಕಿಂತ ಭಯಾನಕವಾಗಿತ್ತು: ಪದಪದದ ನಡುವೆ ವೈದ್ಯರು ಉಗುಳು ನುಂಗುವುದು, ಅವರ ಬೆನ್ನ ಹಿಂದೆ ಯಾರೋ ಅಳು ತಡೆದುಕೊಳ್ಳುವುದು, ಎಲ್ಲವೂ ಕೇಳಿತು. ಕೊನೆಯ ಫೈಲಿನಲ್ಲಿ ಒಂದು ಪದವೂ ತಪ್ಪಲಿಲ್ಲ. ಕೆಲಸ ಖಾಯಂ ಆಯಿತು.

ಆದರೆ ಗುಂಡಿ ತೆಗೆದ ಮರುದಿನ ನನ್ನನ್ನು ಮುಟ್ಟಿದವರಿಗೆ ಏನೂ ಆಗಲಿಲ್ಲ. ಆಂಟಿ ಹಂಚು ಕಾದಿದೆಯೇ ಎಂದು ನೋಡುವವರಂತೆ ನನ್ನ ತೋಳನ್ನು ಅಲ್ಲಲ್ಲಿ ಮುಟ್ಟಿ ನೋಡಿದರು. ಹೆಂಗಸರು ತಮ್ಮ ನಿಂಬೆಹಣ್ಣುಗಳನ್ನು ವಾಪಸು ತೆಗೆದುಕೊಂಡು ಇಳಿದುಹೋದರು.

"ಹೊರಟೋದ್ರಾ?" ಆಂಟಿ ಕೇಳಿದರು.

"ಯಾರು?"

"ದೇವ್ರು."

"ಅದು ಕರೆಂಟು ಆಂಟಿ. ಭೂಮಿಗೆ ಇಳೀತು."

ಅವರು ಬಗ್ಗಿ ನೈಋತ್ಯದ ಗುಂಡಿಯತ್ತ ನೋಡಿದರು. ನಂತರ, ನಾನು ಆ ಮನೆಗೆ ಬಂದಂದಿನಿಂದ ಮೊದಲ ಬಾರಿಗೆ, ನನ್ನ ಓದನ್ನು ಪ್ರಸ್ತಾಪಿಸಿದರು.

"ನೀನು ಇಂಜಿನಿಯರ್ ಅಲ್ವೇನಪ್ಪ? ವಾಪಸ್ ಹತ್ತೋ ಹಂಗೆ ಏನಾದ್ರೂ ಮಾಡು."