ಊದಿದ ಹೆಬ್ಬೆರಳಿಗೆ ಮಾತ್ರ ಹಾಜರಿ

ಕಾರ್ಖಾನೆಯ ಹೆಬ್ಬಾಗಿಲ ಗೋಡೆಗೆ ಅಂಟಿಕೊಂಡು, ಬಂದವರೆಲ್ಲರ ಹೆಬ್ಬೆರಳು ನೋಡಿ ಹಾಜರಿ ಹಾಕುವ ಯಂತ್ರ ಮಾನ್ಯರೇ,

ತಮ್ಮ ಹಸಿರು ದೀಪಕ್ಕೂ, ಕೆಂಪು ದೀಪಕ್ಕೂ, ತಮ್ಮ ಹೊಟ್ಟೆಯೊಳಗೆ ಕೂತು ಮಾತಾಡುವ ಆ ಜೇನುದನಿಯ ತಾಯಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಕೈಜೋಡಿಸಿಯೇ ನಮಸ್ಕರಿಸಬೇಕೆಂದಿದ್ದೆ, ಆದರೆ ಬೆಳಗಿನ ಹೊತ್ತು ನನ್ನ ಎರಡು ಅಂಗೈಗಳು ಒಂದನ್ನೊಂದು ಮುಟ್ಟಲು ಒಪ್ಪದ ಕಾರಣ ಕಾಗದದ ನಮಸ್ಕಾರವನ್ನೇ ಸ್ವೀಕರಿಸಬೇಕಾಗಿ ವಿನಂತಿ. ತಾವು ಬಂದಂದಿನಿಂದ ಒಂದು ದಿನವೂ ನೆಗಡಿ ಎಂದವರಲ್ಲ, ಬಸ್ಸು ತಪ್ಪಿತು ಎಂದವರಲ್ಲ, ಮಗಳ ಬಾಣಂತನ ಎಂದು ರಜೆ ಕೇಳಿದವರಲ್ಲ. ಅಲ್ಲದೆ ನನ್ನ ಕೈಯನ್ನು ದಿನಾ ಇಷ್ಟು ಶ್ರದ್ಧೆಯಿಂದ ನೋಡುವವರು ಈ ಲೋಕದಲ್ಲಿ ತಾವೊಬ್ಬರೇ. ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದರು, ಆಮೇಲೆ ಅವರಿಗೂ ಕೆಲಸ ಜಾಸ್ತಿಯಾಯಿತು.

ತಮಗೆ ನನ್ನ ಗುರುತು ಪದೇಪದೇ ತಪ್ಪುವುದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ನಮ್ಮ ಕೈಗವಸು ಕಾರ್ಖಾನೆಯ ಇಸ್ತ್ರಿ ವಿಭಾಗದವಳು. ಹೊಲಿದು ಬಂದ ಕೈಗವಸುಗಳನ್ನು ಒಳಗಿನಿಂದ ಬಿಸಿಯಾಗುವ ಲೋಹದ ಕೈಗಳಿಗೆ ತೊಡಿಸಿ, ಒಂದೊಂದು ಬೆರಳಿನ ಸುಕ್ಕನ್ನೂ ತೀಡಿ ತೆಗೆಯುವುದು ನನ್ನ ಕೆಲಸ. ಊರವರ ಬೆರಳನ್ನೆಲ್ಲ ನೆಟ್ಟಗೆ ಮಾಡುವವಳ ಬೆರಳೇ ಸೊಟ್ಟ ಎಂದು ಪಕ್ಕದ ಮೇಜಿನ ಸೂಜಿಯಕ್ಕ ನಗುತ್ತಾಳೆ. ಸೂಜಿ ಎಂಬುದು ಅವಳಿಗೆ ನಾಲಿಗೆಯಿಂದಾಗಿ ಬಂದ ಹೆಸರು, ಹೊಲಿಗೆಯಿಂದಲ್ಲ. ನನಗೆ ಸಂಧಿವಾತ. ಬಂದು ಎಷ್ಟೋ ವರ್ಷವಾಯಿತು, ಹೋಗುವ ಮಾತೇ ಎತ್ತುತ್ತಿಲ್ಲ.

ಬೆಳಿಗ್ಗೆ ಎದ್ದಾಗ ಬೆರಳುಗಳು ಕಟ್ಟಿಗೆಯಾಗಿರುತ್ತವೆ. ನಲ್ಲಿಯನ್ನು ಮೊಣಕೈಯಿಂದ ತಿರುಗಿಸುತ್ತೇನೆ, ಪೇಸ್ಟಿನ ಟ್ಯೂಬನ್ನು ಬಾಗಿಲ ಸಂದಿಗೆ ಕೊಟ್ಟು ಹಿಂಡುತ್ತೇನೆ, ಅಂಗಿಯ ಗುಂಡಿಗಳನ್ನು ಯಜಮಾನರು ಹಾಕಿಕೊಡುತ್ತಾರೆ, ಅದೂ ಒಂದು ತೂತು ಮೇಲೆ ಕೆಳಗಾಗಿ, ಹೀಗಾಗಿ ಇಡೀ ದಿನ ನಾನು ಒಂದು ಬದಿಗೆ ವಾಲಿದವಳಂತೆ ಕಾಣುತ್ತೇನೆ. ಸಲಹೆಗಳಿಗೇನೂ ಬರವಿಲ್ಲ. ನಾದಿನಿ ಬದನೆಕಾಯಿ ಬಿಡು ಎನ್ನುತ್ತಾಳೆ, ಪಕ್ಕದ ಮನೆಯಾಕೆ ಬೆಳ್ಳುಳ್ಳಿ ಎಣ್ಣೆ ಹಚ್ಚು ಎನ್ನುತ್ತಾಳೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುತ್ತಾರೆ. ನಾನು ಹಚ್ಚಿಕೊಂಡಿಲ್ಲ ಸ್ವಾಮಿ, ಅದೇ ನನ್ನನ್ನು ಹಚ್ಚಿಕೊಂಡಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ತಾವು ಬಂದ ಹೊಸದರಲ್ಲಿ ನನ್ನ ಊದಿ ಬಾಗಿದ ಹೆಬ್ಬೆರಳು ತಮ್ಮ ಗಾಜಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಎಡಗೈಯದು ಅದಕ್ಕಿಂತ ಮೊಂಡು. ಜೇನುದನಿಯ ತಾಯಿ ‘ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ’ ಎಂದು ಬೇಸರವೇ ಇಲ್ಲದೆ ಹೇಳುತ್ತಿದ್ದರು, ನನ್ನ ಹಿಂದಿನ ಸಾಲು ಬೀದಿ ಮುಟ್ಟುತ್ತಿತ್ತು. ಒಳಗೆ ಹೋಗಿ ಆ ಕಾದ ಲೋಹದ ಕೈಯನ್ನು ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಬೆರಳು ಸಡಿಲವಾಗುತ್ತದೆ. ನಮ್ಮ ವಿಭಾಗದಲ್ಲಿ ಕೀಲುನೋವಿನವರೆಲ್ಲ ಕೆಲಸ ಶುರುಮಾಡುವುದೇ ಹಾಗೆ, ಅದಕ್ಕೆ ‘ಸಾಹೇಬರ ಕೈ ಕುಲುಕುವುದು’ ಎನ್ನುತ್ತೇವೆ. ಆದರೆ ಸಾಹೇಬರು ಒಳಗೆ, ನಾನು ಹೊರಗೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ ಕಾವಲುಗಾರನ ಬೆಂಚಿನ ಮೇಲೆ ಅರ್ಧ ಬೆಳಗು ಕಳೆದು, ಅರ್ಧ ದಿನದ ಗೈರುಹಾಜರಿ ಹೊತ್ತುಕೊಂಡು ಒಳಗೆ ಹೋಗುತ್ತಿದ್ದೆ.

ಇದನ್ನು ನೋಡಲಾರದೆ ನಮ್ಮ ಮೇಲ್ವಿಚಾರಕರು, ಒಳ್ಳೆಯ ಮನುಷ್ಯ, ತಲೆ ಓಡಿಸಿದರು. ನೋವು ತೀರಾ ಹೆಚ್ಚಿದ್ದ ಒಂದು ಬೆಳಿಗ್ಗೆ ನನ್ನನ್ನು ಕರೆದು, ಬೆರಳು ಈಗ ಇರುವಂತೆಯೇ ಇರಲಿ ಎಂದು, ಆ ಬದನೆಕಾಯಿಯಂಥ ಹೆಬ್ಬೆರಳನ್ನೇ ತಮಗೆ ಹೊಸದಾಗಿ ಪರಿಚಯಿಸಿದರು. ಅಲ್ಲಿಂದ ಮುಂದೆ ತಮ್ಮ ಪ್ರೀತಿಯನ್ನು ಏನೆಂದು ಹೊಗಳಲಿ! ನೋವು ಹೆಚ್ಚಿದಷ್ಟೂ ಹಸಿರು ದೀಪ ಬೇಗ. ಕಣ್ಣಲ್ಲಿ ನೀರು ತಂದುಕೊಂಡು ನಿಂತರೆ ‘ಸ್ವಾಗತ’ ಎನ್ನುತ್ತಿದ್ದಿರಿ.

ಅಷ್ಟರಲ್ಲಿ ಡಾಕ್ಟರಮ್ಮ ಹೊಸ ಮಾತ್ರೆ ಬರೆದುಕೊಟ್ಟರು, ನನ್ನ ಪುಣ್ಯಕ್ಕೆ ಅದು ಹಿಡಿಯಿತು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಮುಷ್ಟಿ ಮುಚ್ಚಿತು. ನನ್ನ ಗುಂಡಿಗಳನ್ನು ನಾನೇ ಹಾಕಿಕೊಂಡೆ, ಆ ಸಂತೋಷಕ್ಕೆ ಯಜಮಾನರ ಅಂಗಿಯದ್ದನ್ನೂ ಬಿಚ್ಚಿ ಮತ್ತೆ ಹಾಕಿದೆ. ಕುಣಿಯುತ್ತ ತಮ್ಮ ಮುಂದೆ ಬಂದು ನೆಟ್ಟಗಿನ ಹೆಬ್ಬೆರಳನ್ನಿಟ್ಟರೆ, ತಾವು ನನ್ನನ್ನು ಕಂಡೇ ಇಲ್ಲ ಎಂದಿರಿ. ಓರೆ ಮಾಡಿಟ್ಟೆ, ಒತ್ತಿಟ್ಟೆ. ಊತವಿಲ್ಲದ ಬೆರಳು ತಮಗೆ ಒಪ್ಪಿಗೆಯಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗುರುತು ಬದಲಿಸಲು ವರ್ಷಕ್ಕೊಂದೇ ಅವಕಾಶ, ಅದು ಮುಗಿದಿದೆ, ಇನ್ನೊಂದು ದಿನ ಗೈರಾದರೆ ಖಾಯಂ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದು ಮೇಲ್ವಿಚಾರಕರು ತಲೆ ತಗ್ಗಿಸಿ ಹೇಳಿದರು.

ಆಗ ನಾನು ಮಾಡಿದ್ದನ್ನು ತಮಗೊಬ್ಬರಿಗೇ ಹೇಳಬೇಕು, ಏಕೆಂದರೆ ಮಾಡಿದ್ದು ತಮಗಾಗಿಯೇ. ಮಿಕ್ಕಿದ್ದ ರಜೆ ಹಾಕಿ ಮನೆಯಲ್ಲಿ ಕೂತು, ಮಾತ್ರೆ ನಿಲ್ಲಿಸಿ, ಊತ ಬರಲಿ ಎಂದು ಕಾದೆ. ಬಂತು. ಮೊದಲು ಹೆಬ್ಬೆರಳಿಗೆ, ಆಮೇಲೆ ಮಣಿಕಟ್ಟಿಗೆ, ಕರೆಯದಿದ್ದರೂ ಎರಡು ಮಂಡಿಗಳಿಗೆ. ಲೋಟ ಕೈಜಾರಿ ಒಡೆದಾಗ ಯಜಮಾನರಿಗೆ ಮುಟ್ಟದ ಮಾತ್ರೆಪಟ್ಟಿ ಕಣ್ಣಿಗೆ ಬಿತ್ತು. ಅವರು ಬೈಯಲಿಲ್ಲ, ಗಾಜು ಗುಡಿಸುತ್ತ ಇಷ್ಟೇ ಕೇಳಿದರು: “ಆ ಗೋಡೆ ಪೆಟ್ಟಿಗೆಗೆ ನೀನು ಯಾರು ಅಂತ ಗೊತ್ತಾಗ್ಬೇಕು ಅಂತ, ನೀನು ನರಳ್ಬೇಕಾ?” ನಾನು ಅತ್ತುಬಿಟ್ಟೆ, ಅದು ನೋವಿಗಲ್ಲ, ಸಿಟ್ಟಿಗೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಒಂದೋ ತಾವೂ ಸ್ವಲ್ಪ ದಿನ ಸಂಧಿವಾತ ತರಿಸಿಕೊಂಡು, ಒಂದೇ ಬೆರಳು ಸೋಮವಾರ ಒಂದು ಥರ ಮಂಗಳವಾರ ಒಂದು ಥರ ಇರುವುದೆಂದರೇನೆಂದು ಅನುಭವದಿಂದ ಕಲಿಯಬೇಕು. ಇಲ್ಲವೇ ನನ್ನ ನೋವಿನ ಹೆಬ್ಬೆರಳನ್ನು ತಮ್ಮಲ್ಲೇ ಖಾಯಂ ಆಗಿ ಇಟ್ಟುಕೊಂಡು, ಉಳಿದ ನನ್ನನ್ನು ಕೆಲಸಕ್ಕೆ ಬಿಡಬೇಕು. ಎರಡೂ ಆಗದಿದ್ದರೆ ಬೇಸರವಿಲ್ಲ. ಮಾತ್ರೆ ಮತ್ತೆ ಶುರುಮಾಡಿದ್ದೇನೆ, ಇನ್ನು ತಾವೇ ಬಂದು ಬೇಡಿಕೊಂಡರೂ ಬಿಡುವುದಿಲ್ಲ.

ಗುರುತು ಸಿಕ್ಕರೂ ಸಿಗದಿದ್ದರೂ,
ತಮ್ಮ ವಿಶ್ವಾಸಿ,
ಇಸ್ತ್ರಿ ವಿಭಾಗದ ಮೂರನೇ ಮೇಜಿನವಳು

ಮರೆತ ಮಾತು: ಕಳೆದ ವಾರ ಮ್ಯಾನೇಜರ್ ಸಾಹೇಬರು ಸೇಬು ಹೆಚ್ಚುವಾಗ ಹೆಬ್ಬೆರಳು ಕೊಯ್ದುಕೊಂಡು, ಪಟ್ಟಿ ಸುತ್ತಿಕೊಂಡು ಬಂದರಂತೆ, ತಾವು ಅವರನ್ನೂ ಗುರುತಿಸಲಿಲ್ಲವಂತೆ. ಅವರು ಬೆಂಚಿನ ಮೇಲೆ ಕೂರಲಿಲ್ಲ. ಕಾವಲುಗಾರ ಪಕ್ಕದ ಸಣ್ಣ ಬಾಗಿಲು ತೆಗೆದ, ಒಳಗೆ ಹೋದರು, ಹಾಜರಿಯೂ ಬಿತ್ತು. ಅಂಥದ್ದೊಂದು ಬಾಗಿಲು ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ನನ್ನ ರಜೆ ಮುಗಿಯಿತು, ನಾಳೆ ಬೆಳಿಗ್ಗೆ ನಾನು ಅದರ ಮುಂದೆಯೇ ನಿಲ್ಲುತ್ತೇನೆ. ಸೂಜಿಯಕ್ಕನೂ ಇಸ್ತ್ರಿ ವಿಭಾಗದವರೆಲ್ಲರೂ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ನನ್ನ ಹಿಂದೆಯೇ ಬರುತ್ತಾರಂತೆ. ತಾವು ವಿಶ್ರಾಂತಿ ತೆಗೆದುಕೊಳ್ಳಬಹುದು.