ನಮ್ಮ ಬಾಗಿಲಿಗೆ ಇಂಗ್ಲಿಷ್ ಬಂದದ್ದು

ಕನ್ನಡ ಶಾಲೆಯ ಮಾಸ್ತರನಾದ ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಯಾರೂ ಎಂದೂ ತಕರಾರು ತೆಗೆದಿರಲಿಲ್ಲ. ಹುಕ್ಕೇರಿಯ ಮಕ್ಕಳಿಗೆ ಕಾಗುಣಿತ ಕಲಿಸಲು ಅದರ ಗರಜೂ ಇರಲಿಲ್ಲ. ಆದರೆ ನನ್ನ ತಂಗಿ ಗಂಗವ್ವನನ್ನು ನೋಡಲು ಅಂಕಲಗಿಯಿಂದ ವರ ಬರುತ್ತಾನೆಂದೂ, ಆತ ಗೋಕಾಕದ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ಕಾರಕೂನನೆಂದೂ ಗೊತ್ತಾದ ದಿನವೇ ನಾನೂ ಇಂಗ್ಲಿಷ್ ಕಲಿಯತಕ್ಕದ್ದೆಂದು ತೀರ್ಮಾನಿಸಿದೆ. ಅದೇನು ಬ್ರಹ್ಮವಿದ್ಯೆಯೇ!

ಅಪ್ಪ ಹೋದ ಮೇಲೆ ಗಂಗವ್ವನ ಲಗ್ನ ನನ್ನ ಹೊಣೆ. ಹಿಂದೊಮ್ಮೆ ಮೂಡಲಗಿಯವರು ಬಂದು, ತಟ್ಟೆ ತುಂಬ ಅವಲಕ್ಕಿ ತಿಂದು, 'ಆಮ್ಯಾಲೆ ತಿಳಸ್ತೀವಿ' ಎಂದು ಹೋದವರು ಇವತ್ತಿನವರೆಗೂ ತಿಳಿಸಿಲ್ಲ. ಆಗ ಅವಳು ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಈ ಅಂಕಲಗಿಯ ಸುದ್ದಿ ಬಂದಾಗಿನಿಂದ ಮತ್ತೆ ಹಾಡು ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು. ಇದೂ ತಪ್ಪಿಹೋದರೆ ನಾನು ಅವಳ ಮುಖ ನೋಡುವುದು ಹೇಗೆ?

ಆದ್ದರಿಂದ ಒಂದು ಯೋಜನೆ ಹಾಕಿದೆ. ನಮ್ಮ ತಲೆಬಾಗಿಲು ಗಿಡ್ಡ. ವರ ಎತ್ತರದ ಆಳಂತೆ. ಅವನು ಒಳಗೆ ಬರುವ ಹೊತ್ತಿಗೆ ನಾನು ಚೌಕಟ್ಟಿನ ಮೇಲಿನ ಅಡ್ಡಪಟ್ಟಿಯನ್ನು ತೋರಿಸಿ, ಏನೂ ದೊಡ್ಡ ಮಾತಲ್ಲವೆಂಬಂತೆ, "ಲಿಂಟಲ್, ಪ್ಲೀಜ್!" ಎನ್ನಬೇಕು. ಇಂಗ್ಲಿಷಿನಲ್ಲಿ ಆ ಪಟ್ಟಿಗೆ ಲಿಂಟಲ್ ಎನ್ನುತ್ತಾರೆಂದು ಹಳೆಯ ಪುಸ್ತಕವೊಂದರಲ್ಲಿ ಮನೆಯ ಚಿತ್ರ ನೋಡಿ, ನನಗೆ ಗೊತ್ತಿದ್ದ ನಾಲ್ಕು ಅಕ್ಷರ ಕೂಡಿಸಿ ಓದಿ ತಿಳಿದುಕೊಂಡಿದ್ದೆ. ನಮ್ಮದು ಎಂಥ ಮನೆತನವೆಂದು ಬೀಗರಿಗೆ ಬಾಗಿಲಲ್ಲೇ ಗೊತ್ತಾಗಬೇಕು!

ಕಷ್ಟವೆಂದರೆ ಆ ಶಬ್ದ ನನ್ನ ತಲೆಯಲ್ಲಿ ನಿಲ್ಲಲೊಲ್ಲದು. ಮುಂಜಾನೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನ ಉಂಡು ಕೈ ತೊಳೆಯುವಷ್ಟರಲ್ಲಿ ಮಾಯ.

"ಅದಕ್ಯಾಕ ಇಷ್ಟ ಒದ್ದಾಡ್ತೀರಿ?" ಎಂದಳು ನನ್ನ ಹೆಂಡತಿ ನೀಲವ್ವ. "'ತಲಿ ಬಾಗಸ್ರಿ' ಅಂದ್ರ ಅವರಿಗೆ ತಿಳಿಯೂದಿಲ್ಲೇನು?"

"ನಿನಗ ಇದೆಲ್ಲಾ ಗೊತ್ತಾಗೂದಿಲ್ಲ. ಸುಮ್ಮನಿರು," ಎಂದೆ.

ಕೊನೆಗೆ ಉಪಾಯ ಹೊಳೆಯಿತು. ವಸ್ತುವಿನ ಹೆಸರನ್ನು ವಸ್ತುವಿನ ಮೇಲೆಯೇ ಬರೆದರಾಯಿತು! ಬರುತ್ತ ಹೋಗುತ್ತ ಕಣ್ಣಿಗೆ ಬಿದ್ದು ತಾನಾಗಿ ಬಾಯಿಗೆ ಬರುತ್ತದೆ. ಅಳಿಸಿಹೋಗಬಾರದೆಂದು ಕೆಂಪು ಕಾವಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಅಡ್ಡಪಟ್ಟಿಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಲಿಂಟಲ್' ಎಂದು ಬರೆದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮರೆತದ್ದು ಒಂದೇ ಒಂದು ಸಣ್ಣ ವಿಷಯ. ಹಿಂದಿನ ವರ್ಷ ಊರಿಗೆ ಪ್ಲೇಗು ಬಂದಿತ್ತು. ಇಲಿ ಸತ್ತುಬಿದ್ದ ಮನೆಗಳ ಬಾಗಿಲಿಗೆ ಸರಕಾರದವರು ಕೆಂಪು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ ಬರೆದು ಹೋಗುತ್ತಿದ್ದರು. ಬರೆದದ್ದೇ ತಡ, ಇಡೀ ಓಣಿ ಗಂಟುಮೂಟೆ ಕಟ್ಟಿಕೊಂಡು ಹೊಲದ ಗುಡಿಸಲು ಸೇರುತ್ತಿತ್ತು. ನಮ್ಮ ಓಣಿಯವರು ಇಂಗ್ಲಿಷ್ ಅಕ್ಷರ ಕಂಡಿದ್ದೇ ಆವಾಗ. ಅದಕ್ಕೆ ಅವರಿಗೆ ಗೊತ್ತಿದ್ದ ಅರ್ಥವೂ ಒಂದೇ.

ಮರುದಿನ, ವರ ಬರುವ ದಿನವೇ, ಎದುರುಮನೆಯ ಮುದುಕಿ ಕಾಶವ್ವಾಯಿ ಅಂಗಳಕ್ಕೆ ನೀರು ಹಾಕಲು ಬಂದವಳು ತಂಬಿಗೆ ಕೈಬಿಟ್ಟಳು.

"ಅಯ್ಯ ನಮ್ಮವ್ವ! ಮಾಸ್ತರ ಮನಿಗೂ ಬರದ ಹ್ವಾದ್ರ್ಯಾ!"

"ಆಯಿ, ಅದು ನಾನ ಬರದದ್ದು!"

"ನೀ ಬರದ್ಯಾ? ಯಾಕ?"

"ಅದರ ಹೆಸರ ಅದು!"

"ಬಾಗಲಕ್ಕ ಬಾಗಲದ ಹೆಸರು ಯಾರರೆ ಬರೀತಾರೇನೋ? ನಿಮ್ಮ ಎಮ್ಮಿ ಮ್ಯಾಲೆ ಎಮ್ಮಿ ಅಂತ ಬರದೀಯೇನು? ಮುಚ್ಚಿಡಬ್ಯಾಡ ನನ್ನಪ್ಪಾ. ಎಲ್ಲಿ ಬಿತ್ತು ಇಲಿ?"

ನನ್ನ ಉತ್ತರಕ್ಕೆ ಕಾಯದೆ ಆಯಿ ಓಣಿ ತುಂಬ ಸುದ್ದಿ ಮುಟ್ಟಿಸಿಬಿಟ್ಟಳು. ನೀಲವ್ವ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಹುಣಸೆಹಣ್ಣು, ಬೂದಿ ತಂದು ತಿಕ್ಕಿದಳು. ಅಕ್ಷರಗಳು ಇನ್ನಷ್ಟು ಮಿಂಚಿದವು! ಆಗ ನಾನು ಧೈರ್ಯಗೆಡದೆ ಸುಣ್ಣ ಕಲಸಿ ಬಳಿದೆ. ಎಣ್ಣೆಯ ಬಣ್ಣಕ್ಕೆ ಸುಣ್ಣ ಹಿಡಿಯಲಿಲ್ಲ. ಸುತ್ತಲೂ ಬೆಳ್ಳಗಾಗಿ, ಅಕ್ಷರ ಮಾತ್ರ ಓಣಿಯ ಆ ತುದಿಗೂ ಕಾಣುವಂತೆ ಕೆಂಪಗೆ ಎದ್ದು ನಿಂತವು. ಮೇಲಾಗಿ, ಪ್ಲೇಗಿನ ಮನೆಗೆ ಅಕ್ಷರ ಬರೆದಾದ ಮೇಲೆ ಸರಕಾರದವರು ಮಾಡುತ್ತಿದ್ದ ಎರಡನೆಯ ಕೆಲಸವೇ ಸುಣ್ಣ ಬಳಿಯುವುದು! ಓಣಿಯವರಿಗೆ ಉಳಿದಿದ್ದ ಅನುಮಾನವೂ ಹೋಯಿತು. ಬಾಜೂ ಮನೆಯವರು ಎಮ್ಮೆ ಬಿಚ್ಚಿದರು.

ಸರಿಯಾಗಿ ಆಗಲೇ ವರನ ಗಾಡಿ ಓಣಿಯೊಳಗೆ ತಿರುಗಿತು.

ಹಾಸಿಗೆ ತಲೆಯ ಮೇಲೆ ಹೊತ್ತು ಹೊರಟಿದ್ದ ಕಾಶವ್ವಾಯಿ ಎದುರಿಗೇ ಸಿಕ್ಕಳು. "ಮುಂದ ಹೋಗಬ್ಯಾಡ್ರಿ ಯಪ್ಪಾ! ಮಾಸ್ತರ ಮನಿಗೆ ಬರದಾರ!"

ಗಾಡಿ ನಿಂತಿತು. ಎತ್ತುಗಳು ಹಿಂದಕ್ಕೆ ತಿರುಗಿದವು.

ನಾನು ಸುಣ್ಣದ ಕೈಯಲ್ಲೇ ಓಡಿದೆ. "ನಿಂದರ್ರಿ ಯಜಮಾನ್ರ! ಪ್ಲೇಗ ಅಲ್ರಿ ಅದು! ಅದಕ್ಕ... ಅದಕ್ಕ ಏನಂತಾರ..." ಶಬ್ದ ಬರಲಿಲ್ಲ! ಇಷ್ಟೆಲ್ಲ ರಾಮಾಯಣವಾದರೂ ಬರಲಿಲ್ಲ!

ವರನ ತಂದೆ ಬಸಲಿಂಗಪ್ಪನವರು ಶಲ್ಯದಿಂದ ಮೂಗು ಮುಚ್ಚಿಕೊಂಡರು. "ಅಲ್ಲೇ ನಿಂದರ್ರಿ ಮಾಸ್ತರ! ಹತ್ತರ ಬರಬ್ಯಾಡ್ರಿ. ಆಮ್ಯಾಲೆ ನೋಡೂಣಂತ."

ಮೂಡಲಗಿಯವರೂ ಆಮೇಲೆ ಎಂದೇ ಹೋಗಿದ್ದರು. ಅತ್ತ ಬಾಗಿಲಲ್ಲಿ ಗಂಗವ್ವ ಇಳಕಲ್ ಸೀರೆಯುಟ್ಟು ನಿಂತಿದ್ದಳು. ಅವಳತ್ತ ನೋಡಲು ನನಗೆ ಧೈರ್ಯವಾಗಲಿಲ್ಲ. ಖರೇ ಹೇಳುತ್ತೇನೆ, ಅಳು ಬಂದುಬಿಟ್ಟಿತು.

"ಅಪ್ಪಾ, ತಡೀರಿ. ಏನ ಬರದಾರ ಓದಿ ಬರ್ತೇನಿ," ಎಂದು ವರ ಗಾಡಿಯಿಂದ ಇಳಿದ. ನಮ್ಮ ಅಂಗಳದಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ರುಮಾಲು ಸರಿಸಿ ತಲೆ ಕೆರೆದುಕೊಂಡ.

"ನಮ್ಮ ಕಚೇರಿಯಾಗ ಈ ಶಬ್ದ ಬಂದ ಇಲ್ರಿ. ಪ್ಲೇಗಿನಾಗ ಇದು ಯಾವುದೋ ಹೊಸಾದಿರಬೇಕು!" ಎಂದು ತಾನೂ ಒಂದು ಹೆಜ್ಜೆ ಹಿಂದೆ ಸರಿದ.

ಮುಗಿಯಿತು ಎಂದುಕೊಂಡೆ. ಆಗ ಗಂಗವ್ವ ಬಾಯಿಬಿಟ್ಟಳು. ನೋಡಲು ಬಂದವರ ಮುಂದೆ ಹುಡುಗಿ ತಲೆ ಎತ್ತಬಾರದು, ಮಾತಂತೂ ಆಡಲೇಬಾರದು. ಅವಳು ಎರಡನ್ನೂ ಮಾಡಿದಳು.

"ಪ್ಲೇಗ ಗೀಗ ಏನಿಲ್ರಿ. ನೀವು ಬರ್ತೀರಂತ ನಮ್ಮಣ್ಣಗ ಇಂಗ್ಲಿಷ್ ಬಡದೈತಿ. ಈ ಕಟಗಿ ಹೆಸರ ಕಟಗಿ ಮ್ಯಾಲೇ ಬರದಾನ. ನೀವು ಬಂದು ಹ್ವಾದ ಮ್ಯಾಲೆ ಆರಾಮ ಆಗ್ತಾನ್ರಿ."

ವರ ಅವಳನ್ನು ನೋಡಿದ, ಅಕ್ಷರ ನೋಡಿದ, ಸುಣ್ಣ ಬಡಿದುಕೊಂಡ ನನ್ನನ್ನು ನೋಡಿದ. ನಮ್ಮ ಕಟ್ಟೆಯ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ! ಗಾಡಿಯಲ್ಲಿದ್ದ ಬಸಲಿಂಗಪ್ಪನವರೂ ಮೂಗಿನ ಮೇಲಿನ ಶಲ್ಯ ತೆಗೆದು ನಗತೊಡಗಿದರು. ಕಾಶವ್ವಾಯಿ ಮಾತ್ರ ಸಿಟ್ಟಿನಿಂದ, "ಹಂಗಾರ ನಾ ಹಾಸಿಗಿ ಬಿಚ್ಚಲ್ಯಾ?" ಎಂದು ಕೇಳಿದಳು.

ಅವಲಕ್ಕಿ ಮುಗಿಯುವ ಮೊದಲೇ ವರ ತಂದೆಯ ಕಿವಿಯಲ್ಲಿ ಏನೋ ಉಸುರಿದ. ಒಳಗೆ ಗಂಗವ್ವನ ಬಳೆ ಸದ್ದು ಮಾಡಿದವು. ಬಸಲಿಂಗಪ್ಪನವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ನಮ್ಮ ಹುಡುಗಗ ಪಸಂದ ಬಂದೈತ್ರಿ. ಆದ್ರ ನಮ್ಮದೊಂದು ಕರಾರು," ಎಂದರು.

ಬಂಗಾರ ಕೇಳುತ್ತಾರೋ, ಏನು ಕೇಳುತ್ತಾರೋ! "ಏನಿದ್ರೂ ಹೇಳ್ರಿ," ಎಂದು ಕೈಮುಗಿದೆ.

"ಲಗ್ನಕ್ಕ ನಮ್ಮ ಮನಿಗೆ ಬಂದಾಗ ನೀವು ಕೈ ಹಿಂದ ಕಟಗೊಂಡ ಅಡ್ಡಾಡಬೇಕು ನೋಡ್ರಿ ಮಾಸ್ತರ. ನಮ್ಮಲ್ಲಿ ಬಾಗಲಾ ಭಾಳ ಅದಾವ!"

ನಾನು ತಕ್ಷಣ ಒಪ್ಪಿ, ಮುಗಿದ ಕೈಗಳನ್ನು ಅಲ್ಲಿಯೇ ಬಿಚ್ಚಿ ಹಿಂದಕ್ಕೆ ಕಟ್ಟಿಕೊಂಡೆ.