ಮುಟ್ಟಿದ ಒಂಟೆ

ತೀರ್ಪುಗಾರ: ಈ ಕನ್ನಡಕದ ಕಡ್ಡಿ ಮೇಲೆ ಹೂವು ಯಾಕಿದೆ, ಮೇಷ್ಟ್ರೇ?

ಮೇಷ್ಟ್ರು: ಹೂವು ಇರೋ ಕನ್ನಡಕ, ಅದಕ್ಕೇ ಹೂವಿದೆ.

ತೀರ್ಪುಗಾರ: ಐದು ದಿನ ಕಪ್ಪು ಕನ್ನಡಕ ಹಾಕ್ಕೊಂಡು ಐದೂ ಆಟ ಸೋತ್ರಿ. ಆರನೇ ದಿನ ಹೂವಿನ ಕನ್ನಡಕ ಹಾಕ್ಕೊಂಡು ಚಾಂಪಿಯನ್‌ನೇ ಸೋಲಿಸಿದ್ರಿ. ನಾನು ಹೂವಿನ ಬಗ್ಗೆ ಕೇಳದೆ ಹವಾಮಾನದ ಬಗ್ಗೆ ಕೇಳಲಾ?

ಮೇಷ್ಟ್ರು: ಅದರೊಳಗೆ ಕ್ಯಾಮೆರಾ ಇದೆಯಾ ಅಂತ ಬಿಚ್ಚಿ ನೋಡಿದ್ರಲ್ಲ. ಏನು ಸಿಕ್ತು?

ತೀರ್ಪುಗಾರ: ಸ್ವಲ್ಪ ಪೌಡರು.

ಚದುರಂಗದ ಪಂದ್ಯ ನಡೆಯುವ ಸಭಾಂಗಣದ ಹಿಂದಿನ ಕೋಣೆ ಅದು. ಮಡಿಸಿಟ್ಟ ಕುರ್ಚಿಗಳು, ಕೆಟ್ಟುಹೋದ ಆಟದ ಗಡಿಯಾರಗಳು ತುಂಬಿದ ರಟ್ಟಿನ ಪೆಟ್ಟಿಗೆ, ನಡುವೆ ಒಂದು ಮೇಜು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸೀಲು ಹಾಕಿದ ಕನ್ನಡಕ, ಪಕ್ಕದಲ್ಲಿ ನಾಲ್ಕು ಪುಟದ ನಮೂನೆ. ಮೇಷ್ಟ್ರು ಮೂವತ್ತು ವರ್ಷದಿಂದ ಇಂಥ ಪಂದ್ಯಗಳಲ್ಲಿ ಆಡುತ್ತ ಬಂದವರು, ಸಂಜೆ ಹೊತ್ತು ಹನ್ನೊಂದು ಮಕ್ಕಳಿಗೆ ಆಟ ಹೇಳಿಕೊಡುವವರು. ಸೋಲುತ್ತಿದ್ದಷ್ಟು ಕಾಲ ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಿರಲಿಲ್ಲ. ನಿನ್ನೆ ಗೆದ್ದರು, ಇವತ್ತು ವಿಚಾರಣೆ. ಮೋಸ ಸಾಬೀತಾದರೆ ಮೂರು ವರ್ಷ ಆಡುವಂತಿಲ್ಲ, ಕಲಿಸುವಂತೆಯೂ ಇಲ್ಲ.

ತೀರ್ಪುಗಾರ: ಹತ್ತೊಂಬತ್ತನೇ ನಡೆಗೆ ಬರೋಣ. ಒಂಟೆನ ತಗೊಂಡು ಹೋಗಿ ಎದುರಾಳಿ ಕಾಲಾಳಿನ ಬಾಯಿಗೆ ಇಟ್ಟಿದ್ದೀರಿ. ಕಂಪ್ಯೂಟರ್‌ಗೆ ಹಾಕಿ ನೋಡಿದೆ. ಇದು ಒಳ್ಳೇ ನಡೆ ಅಂತ ಒಪ್ಪಿಕೊಳ್ಳೋಕೆ ಅದಕ್ಕೇ ಹನ್ನೊಂದು ನಿಮಿಷ ಹಿಡೀತು.

ಮೇಷ್ಟ್ರು: ನನಗೆ ನಲವತ್ತು ಹಿಡೀತು.

ತೀರ್ಪುಗಾರ: ಏನು ಯೋಚನೆ ಮಾಡಿದ್ರಿ?

ಮೇಷ್ಟ್ರು: ಆಳವಾಗಿ ಮಾಡಿದೆ.

ತೀರ್ಪುಗಾರ: ಎಷ್ಟು ನಡೆ ಮುಂದಕ್ಕೆ?

ಮೇಷ್ಟ್ರು: ಎಣಿಸೋಕೆ ಹೋದ್ರೆ ಆಳ ಹೊರಟುಹೋಗುತ್ತೆ, ಸಾರ್.

ತೀರ್ಪುಗಾರರು ಪುಟ ತಿರುಗಿಸಿದರು.

ತೀರ್ಪುಗಾರ: ಚಾಂಪಿಯನ್ ಕೊಟ್ಟ ದೂರಲ್ಲಿ ಎರಡನೇ ಆರೋಪ. ಹಗ್ಗದ ಆಚೆ, ಪ್ರೇಕ್ಷಕರ ಮುಂದಿನ ಸಾಲಲ್ಲಿ ಕೈಚೀಲ ಹಿಡ್ಕೊಂಡ ಒಬ್ಬ ಹೆಂಗಸು ನಿಮಗೆ ಸನ್ನೆ ಮಾಡ್ತಿದ್ರಂತೆ. ಮೊದಲು ಏನನ್ನೋ ಎತ್ತಿ ಮೂರು ಸಲ ಆಡಿಸಿದ್ರು. ಆಮೇಲೆ ಕಣ್ಣು ತೋರಿಸ್ಕೊಂಡ್ರು. ನೀವು ಒಂಟೆಗೆ ಕೈ ಹಾಕಿದ ತಕ್ಷಣ ಹಣೆ ಚಚ್ಚಿಕೊಂಡ್ರು. ಹಣೆ ಅಂದ್ರೆ ಒಂಟೆನಾ?

ಮೇಷ್ಟ್ರು: ನನಗೆ ಯಾರೂ ಕಾಣಲಿಲ್ಲ.

ತೀರ್ಪುಗಾರ: ಹತ್ತು ಅಡಿ ದೂರದಲ್ಲಿದ್ರು.

ಮೇಷ್ಟ್ರು: ನನ್ನಾಣೆ ಸಾರ್, ಕಾಣಲಿಲ್ಲ.

ಬೆಳಗಿನಿಂದ ಮೇಷ್ಟ್ರು ಆಡಿದ ಮಾತುಗಳಲ್ಲಿ ಅಪ್ಪಟ ನಿಜ ಅಂತ ಇದ್ದದ್ದು ಇದೊಂದೇ. ಅದನ್ನು ಮಾತ್ರ ತೀರ್ಪುಗಾರರು ನಂಬಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಹೆಂಡತಿ: ಆ ಕಾಣದ ಹೆಂಗಸು ಬಂದಿದ್ದೀನಿ. ತಗೊಳ್ಳಿ ನಿಮ್ಮ ಕನ್ನಡಕ, ಇವತ್ತೂ ಮನೇಲೇ ಬಿಟ್ಟು ಬಂದಿದ್ದೀರಿ. ನನ್ನದು ಕೊಡಿ.

ಅವರು ಕೈಚೀಲದಿಂದ ಕಪ್ಪು ಕನ್ನಡಕ ತೆಗೆದರು. ತೀರ್ಪುಗಾರರು ಕೈ ಅಡ್ಡ ಹಿಡಿದರು.

ತೀರ್ಪುಗಾರ: ವಿಚಾರಣೆ ಮುಗಿಯೋವರೆಗೂ ಆಟಗಾರರಿಗೆ ಯಾರೂ ಏನೂ ಕೊಡೋ ಹಾಗಿಲ್ಲಮ್ಮ.

ಹೆಂಡತಿ: ನಿನ್ನೇನೂ ಹೀಗೇ ಅಂದ್ರು. ನನ್ನ ಕನ್ನಡಕ ಹಾಕ್ಕೊಂಡು ಬಂದುಬಿಟ್ಟಿದ್ದಾರೆ, ಇದನ್ನ ತಲುಪಿಸಿ ಅಂತ ನಿಮ್ಮ ಕಾವಲಿನವರ ಹತ್ರ ಬೇಡಿಕೊಂಡೆ. ಬಿಡಲಿಲ್ಲ. ಎತ್ತಿ ಆಡಿಸಿದೆ, ಕಣ್ಣು ತೋರಿಸಿದೆ. ಇವರು ನನ್ನ ಕಡೆ ನೋಡಿ ನಕ್ಕರು.

ಮೇಷ್ಟ್ರು: ನಿನ್ನ ಕಡೆ ಅಲ್ಲ. ಅಲ್ಲಿ ಕಂಬ ಇದೆ ಅಂದ್ಕೊಂಡಿದ್ದೆ.

ತೀರ್ಪುಗಾರ: ಕಂಬ ನೋಡಿ ನಕ್ಕಿರಾ?

ಹೆಂಡತಿ: ನಂದು ಸೂಜಿಗೆ ದಾರ ಪೋಣಿಸೋ ಕನ್ನಡಕ, ಸಾರ್. ಅದರಲ್ಲಿ ಇವರಿಗೆ ಒಂಟೆನೂ ಒಂದೇ, ಕಾಲಾಳೂ ಒಂದೇ. ಕಾಲಾಳು ಅಂದ್ಕೊಂಡು ಒಂಟೆ ಹಿಡ್ಕೊಂಡ್ರು. ನಾನು ಹಣೆ ಚಚ್ಚಿಕೊಂಡೆ.

ಮೇಷ್ಟ್ರು: ನೀನು ಸುಮ್ನಿರೇ.

ತೀರ್ಪುಗಾರ: ಹಾಗಾದ್ರೆ ನಲವತ್ತು ನಿಮಿಷ ಏನು ಮಾಡಿದ್ರು?

ಹೆಂಡತಿ: ಆ ಒಂಟೆಗೆ ಹೋಗೋಕೆ ಇದ್ದಿದ್ದೇ ಒಂದು ಮನೆ. ಅದನ್ನ ಹುಡುಕೋಕೆ ಒಂದು ನಿಮಿಷ. ಮಿಕ್ಕಿದ್ದು ಸಂಕಟಪಡೋಕೆ.

ತೀರ್ಪುಗಾರರು ನಮೂನೆಯಿಂದ ತಲೆ ಎತ್ತಿದರು. ಇಪ್ಪತ್ತು ವರ್ಷ ಆಟಗಾರರ ಜೇಬು ತಡಕಿದ ಮನುಷ್ಯ ಅವರು; ಯಾರ ಮಾತನ್ನೂ ಸುಲಭಕ್ಕೆ ನುಂಗುವವರಲ್ಲ.

ತೀರ್ಪುಗಾರ: ಇಲ್ಲಿ ನೋಡಿ ಮೇಷ್ಟ್ರೇ. ಆ ಹೊತ್ತಲ್ಲಿ ಚಾಂಪಿಯನ್ ಪಕ್ಕದ ಆಟ ನೋಡೋಕೆ ಎದ್ದು ಹೋಗಿದ್ದ. ಕುರ್ಚಿ ಖಾಲಿ. ನಾನೂ ಬೇರೆ ಕಡೆ ಇದ್ದೆ. ನೀವು ಮುಟ್ಟಿದ್ದು ಯಾರೂ ನೋಡಿಲ್ಲ. ಒಂಟೆ ವಾಪಸ್ ಇಟ್ಟು ಕಾಲಾಳು ನಡೆಸಿದ್ರೆ ಕೇಳೋರು ಯಾರಿದ್ರು?

ಮೇಷ್ಟ್ರು: ಹೇಗೆ ವಾಪಸ್ ಇಡೋದು ಸಾರ್? ಮುಟ್ಟಿಬಿಟ್ಟಿದ್ನಲ್ಲ. ಮುಟ್ಟಿದ ಕಾಯೇ ನಡೆಸಬೇಕು ಅಂತ ಮಕ್ಕಳಿಗೆ ದಿನಾ ಹೇಳ್ತೀನಿ.

ಹೇಳಿದ ಮೇಲೆ ಮೇಷ್ಟ್ರಿಗೆ ತಾವು ಏನು ಒಪ್ಪಿಕೊಂಡೆವೆಂಬುದು ಹೊಳೆಯಿತು. ತೀರ್ಪುಗಾರರು ಆಗಲೇ ಬರೆಯಲು ಶುರುಮಾಡಿದ್ದರು.

ತೀರ್ಪುಗಾರ: 'ಒಂಟೆಯನ್ನು ಕಾಲಾಳೆಂದು ತಪ್ಪಾಗಿ ಭಾವಿಸಿ ಮುಟ್ಟಿದೆ, ಮುಟ್ಟಿದ ಕಾರಣಕ್ಕೆ ನಡೆಸಿದೆ.' ಸಹಿ ಹಾಕಿ, ಮನೆಗೆ ಹೋಗಿ.

ಮೇಷ್ಟ್ರು: ಹಾಕಲ್ಲ. ಕಳ್ಳ ಅಂತಲೇ ಬರ್ಕೊಳ್ಳಿ. ಕಳ್ಳನಿಗೆ ಬುದ್ಧಿ ಇತ್ತು ಅಂತಾದ್ರೂ ಅಂದ್ಕೊತಾರೆ.

ಹೆಂಡತಿ: ಮೂರು ವರ್ಷ ಮನೇಲಿ ಕೂತ್ಕೊಂಡು ನನ್ನ ಜೊತೆ ಆಡ್ತೀರಾ? ಆ ಹನ್ನೊಂದು ಮಕ್ಕಳಿಗೆ ಏನು ಹೇಳ್ತೀರಿ?

ಮೇಷ್ಟ್ರು: ಮೂವತ್ತು ವರ್ಷ ಆಡಿದ್ದೀನಿ ಕಣೇ. ನೋಡಿದವರು ಅಬ್ಬಾ ಅನ್ನೋ ಹಾಗೆ ಒಂದೇ ಒಂದು ನಡೆ ಬಂತು. ಅದನ್ನೂ ಕನ್ನಡಕದ ಲೆಕ್ಕಕ್ಕೆ ಬರೆದುಕೊಡು ಅಂತೀಯಲ್ಲ.

ಹೆಂಡತಿಗೆ ಪಾಪ ಅನ್ನಿಸಿತು. ಕೈಚೀಲವನ್ನು ಮೇಜಿನ ಮೇಲೆ ಒರಗಿಸಿ ಗಂಡನ ಪಕ್ಕಕ್ಕೆ ಬಂದು ನಿಂತರು. ಆಗ ಅಪ್ಪಣೆ ಗಿಪ್ಪಣೆ ಏನೂ ಇಲ್ಲದೆ ಚಾಂಪಿಯನ್ ಒಳಗೆ ನುಗ್ಗಿದ. ಬಾಗಿಲಿನ ಆಚೆಯೇ ನಿಂತಿದ್ದನೆಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಚಾಂಪಿಯನ್: ಸಾರ್, ದೂರು ವಾಪಸ್ ತಗೋತೀನಿ. ಇವರು ಮೋಸ ಮಾಡಿಲ್ಲ.

ತೀರ್ಪುಗಾರ: ಸತ್ಯ ಗೊತ್ತಾಯ್ತಾ?

ಚಾಂಪಿಯನ್: ಅದೇ ಭಯ. ಮೋಸಗಾರನ ಹತ್ರ ಸೋತೆ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಪ್ರತಿಭಾವಂತನ ಹತ್ರ ಸೋತೆ ಅಂದ್ರೆ ಪರವಾಗಿಲ್ಲ ಅಂತಾರೆ. ಕಣ್ಣು ಕಾಣದೆ ಆಡಿದವರ ಹತ್ರ ಸೋತೆ ಅಂತ ಹೇಗೆ ಹೇಳ್ಕೊಳ್ಳಲಿ? ಆ ಒಂಟೆನ ನೋಡ್ಕೊಂಡು ಒಂದು ಗಂಟೆ ಬೆವತಿದ್ದೀನಿ, ಸಾರ್. ಇಲ್ಲಿ ಬರೆದು ತಂದಿದ್ದೀನಿ: 'ಆ ನಡೆ ಅಪೂರ್ವ ಪ್ರತಿಭೆಯ ಫಲ. ಮೇಷ್ಟ್ರು ನಾಳೆ ವೇದಿಕೆಯ ಮೇಲೆ ಎಲ್ಲ ಆಟಗಾರರಿಗೂ ಅದನ್ನು ವಿವರಿಸುತ್ತಾರೆ.' ಇದಕ್ಕೆ ಅವರೂ ಒಂದು ಸಹಿ ಹಾಕಿಬಿಟ್ರೆ ಇಬ್ಬರ ಮರ್ಯಾದೆನೂ ಉಳಿಯುತ್ತೆ.

ಕಾಗದ ಇಟ್ಟು, ಮೇಷ್ಟ್ರ ಕೈ ಕುಲುಕಿ ಅವನು ಹೊರಟುಹೋದ. ಮೇಷ್ಟ್ರ ಮುಖದಿಂದ ಮೂವತ್ತು ವರ್ಷದ ದಣಿವು ಒಂದೇ ಸಲಕ್ಕೆ ಇಳಿದಂತಿತ್ತು.

ತೀರ್ಪುಗಾರ: ಎಡಗಡೆ ನಿಮ್ಮ ಹೇಳಿಕೆ. ಬಲಗಡೆ ಅವನದು. ಯಾವುದಾದ್ರೂ ಒಂದಕ್ಕೆ ಸಹಿ ಹಾಕಿ, ನನಗೆ ಸಾಕಾಗಿದೆ. ಅದೂ ಅಲ್ಲದೆ ಈ ನಮೂನೇಲಿ 'ಮೋಸ ಮಾಡಿದವರು' ಅಂತ ಒಂದು ಕಲಂ ಇದೆ. ಖಾಲಿ ಬಿಟ್ರೆ ಮೇಲಿನವರು ವಾಪಸ್ ಕಳಿಸ್ತಾರೆ. ಅದಕ್ಕೆ ಏನು ಬರೀಲಿ ಅನ್ನೋದೇ ನನ್ನ ತಲೆನೋವು.

ಮೇಷ್ಟ್ರು: ಬಲಗಡೇದು ಚಾಂಪಿಯನ್ನದು, ಅಲ್ವಾ?

ಅವರು ಅಂಗಿಯ ಜೇಬಿನಲ್ಲಿ ಪೆನ್ನಿಗಾಗಿ ತಡಕಾಡಿದರು. ಹೆಂಡತಿ ಮೇಜಿನ ಮೇಲೆ ಒರಗಿಸಿದ್ದ ಕೈಚೀಲ ಎತ್ತಿಕೊಂಡು, ಚೆದುರಿದ ಕಾಗದಗಳನ್ನು ಓರಣ ಮಾಡಿದರು. ಮೇಷ್ಟ್ರು ಬಲಗಡೆಯ ಕಾಗದ ಎಳೆದುಕೊಂಡರು.

ಹೆಂಡತಿ: ರೀ, ಅದು ನಿಮ್ಮ ಹೇಳಿಕೆ. ಒಂಟೆ, ಕಾಲಾಳು ಅಂತ ಇರೋದು.

ಇನ್ನೊಂದು ಕಾಗದ ಗೇಣು ದೂರದಲ್ಲೇ ಇತ್ತು, ತಡೆಯುವವರೂ ಯಾರಿರಲಿಲ್ಲ. ಮೇಷ್ಟ್ರು ಅದರ ಕಡೆ ಮಸುಕು ಮಸುಕಾಗಿ ನೋಡಿದರು. ಕೈಯಲ್ಲಿದ್ದುದನ್ನು ನೋಡಿದರು. ನಲವತ್ತು ನಿಮಿಷ ಹಿಡಿಯಲಿಲ್ಲ, ಆದರೆ ಸಂಕಟ ಅಷ್ಟೇ ಇತ್ತು.

ಮೇಷ್ಟ್ರು: ಮುಟ್ಟಿಬಿಟ್ಟೆನಲ್ಲ.

ಸಹಿ ಹಾಕಿದರು. ತೀರ್ಪುಗಾರರು ತಲೆಯಾಡಿಸಿ ಅಪ್ಪಣೆ ಕೊಟ್ಟ ಮೇಲೆ ಹೆಂಡತಿ ಕಪ್ಪು ಕನ್ನಡಕವನ್ನು ಅವರ ಕೈಗಿಟ್ಟರು. ಮೇಷ್ಟ್ರು ಹಾಕಿಕೊಂಡು, ಸಹಿ ಮಾಡಿದ್ದನ್ನು ಒಮ್ಮೆ ಓದಿದರು.

ಮೇಷ್ಟ್ರು: ಮುಂದೆ ಯಾವಾಗಲೋ ಇದೂ ಒಳ್ಳೇ ನಡೆ ಅಂತ ಗೊತ್ತಾಗಬಹುದು.

ಹಾಗೆಂದು ಎದ್ದು ಹೋದರು. ಬಾಗಿಲಿಗೆ ಡಿಕ್ಕಿ ಹೊಡೆಯದೆ ಹೋದದ್ದನ್ನು ಹೆಂಡತಿ ಗಮನಿಸಿದರು.

ತೀರ್ಪುಗಾರ: ಅಮ್ಮಾ, ನೀವು ಕಾಗದ ಅದಲುಬದಲು ಮಾಡಿದ್ದು ನಾನು ನೋಡಿದೆ.

ಹೆಂಡತಿ: ಮತ್ತೆ ನಾಳೆ ವೇದಿಕೆ ಹತ್ತಿ ಆ ನಡೆ ವಿವರಿಸೋಕೆ ನೀವು ಹೋಗ್ತಿದ್ರಾ?

ತೀರ್ಪುಗಾರ: ಆದ್ರೂ ನೀವು ಮಾಡಿದ್ದು ಮೋಸ ಅಲ್ವಾ?

ಹೆಂಡತಿ ಸೀಲು ಒಡೆದು ತಮ್ಮ ಹೂವಿನ ಕನ್ನಡಕ ಹಾಕಿಕೊಂಡರು. ನಮೂನೆಯನ್ನು ಹತ್ತಿರ ಎಳೆದು, ಖಾಲಿ ಕಲಂ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರು.

ಹೆಂಡತಿ: ಇಲ್ಲಿ ನನ್ನ ಹೆಸರು ಬರ್ಕೊಳ್ಳಿ ಸಾರ್. ನಮ್ಮನೆಯವರಿಗೆ ಅದು ಕೈಲಾಗದ ಕೆಲಸ.